ಪೈಚಾರ್ಟ್ ರಾಯರು

ಯಾವ ಕಚೇರಿಗೆ ಹೋಗಿ, ಅಲ್ಲೊಬ್ಬರು ಪೈಚಾರ್ಟ್ ರಾಯರಿರುತ್ತಾರೆ. ಹುದ್ದೆ ಏನೇ ಇರಲಿ, ಪ್ರಗತಿ ಪರಿಶೀಲನಾ ಸಭೆ ಗೊತ್ತಾಯಿತೆಂದರೆ ಪಿಪಿಟಿ ಮಾಡುವವರು ಅವರೇ. ಪ್ರೊಜೆಕ್ಟರಿನ ವೈರು ಅಲ್ಲಾಡಿಸಿ, ಗೋಡೆಯ ಮೇಲೆ ಬಣ್ಣ ಬಿದ್ದ ಮೇಲೆಯೇ ಅವರು ಕಾಫಿ ಮುಟ್ಟುವುದು.

ಅಂಕಿಅಂಶ ಕೈಸೇರುವ ಮೊದಲೇ ಅವರ ಚಿತ್ರ ತಯಾರು. ಅದು ದುಂಡಗಿರಬೇಕು, 3ಡಿ ಆಗಿರಬೇಕು, ಒಂದು ತುಂಡು ಹೊರಗೆ ಚಾಚಿರಬೇಕು. ವರ್ಷದ ಮಳೆ ಲೆಕ್ಕ ಕೊಟ್ಟರೂ ಹನ್ನೆರಡು ತಿಂಗಳಿಗೆ ಹನ್ನೆರಡು ಬಣ್ಣ: ಜುಲೈ ಗಿಳಿಹಸಿರು, ಆಗಸ್ಟ್ ಎಲೆಹಸಿರು, ಜನವರಿ ಕಣ್ಣಿಗೇ ಕಾಣದು. ಮಳೆ ಯಾವಾಗ ಏರಿತು, ಯಾವಾಗ ಇಳಿಯಿತು ಎಂದು ಮಾತ್ರ ಕೇಳಬಾರದು. "ಕಲರ್ ನೋಡಿ ಸಾರ್" ಎನ್ನುತ್ತಾರೆ.

ಒಮ್ಮೆ ಐದು ಹೈಸ್ಕೂಲುಗಳ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು: ಶೇಕಡಾ 92, 88, 76, 81, 95. ರಾಯರು ಐದನ್ನೂ ಒಂದೇ ವೃತ್ತಕ್ಕೆ ತುಂಬಿದರು. ಒಟ್ಟು 432 ಆಗುತ್ತದೆಂದು ಎಕ್ಸೆಲ್ ತಕರಾರು ತೆಗೆಯಲಿಲ್ಲ. ತೆಪ್ಪಗೆ ಭಾಗಿಸಿ ಹೊಸ ಶೇಕಡಾವಾರು ಬರೆಯಿತು. 92 ತೆಗೆದ ಶಾಲೆಗೆ 21 ಬಿತ್ತು. ಹೆಡ್‌ಮೇಷ್ಟ್ರು ಬೆವತು ಎದ್ದು ನಿಂತರು. "ಸಾರ್, ನಮ್ಮದು ತೊಂಬತ್ತೆರಡು..."

"ಗಾಬರಿ ಯಾಕೆ ಮೇಷ್ಟ್ರೇ? ಇದರಲ್ಲಿ ಐದು ಶಾಲೆಯೂ ಫೇಲೇ!"

ಹಾಗೆಂದು ರಾಯರು ಪೆದ್ದರೇನಲ್ಲ. ಸಾಹೇಬರಿಗೆ ಪ್ರಗತಿ ಬೇಕಾದಾಗ ಕಂಬ ನಿಲ್ಲಿಸುತ್ತಾರೆ. ಹಾಜರಾತಿ 92ರಿಂದ 96ಕ್ಕೆ ಏರಿದ್ದರೆ ಅಳತೆಯನ್ನು ಸೊನ್ನೆಯ ಬದಲು 90ರಿಂದ ಶುರು ಮಾಡುತ್ತಾರೆ. ಈ ವರ್ಷದ ಕಂಬ ಹೋದ ವರ್ಷದ್ದರ ಮೂರು ಪಟ್ಟು ಎದ್ದು ನಿಲ್ಲುತ್ತದೆ, ಸಾಹೇಬರು ತಲೆದೂಗುತ್ತಾರೆ. ಪೈಯಲ್ಲೂ ತಮ್ಮ ಶಾಖೆಯ ತುಂಡನ್ನು ಸದಾ ಮುಂದಕ್ಕೆ ತಿರುಗಿಸಿಡುತ್ತಾರೆ. 3ಡಿಯಲ್ಲಿ ಮುಂದಿನ ತುಂಡಿಗೆ ದಪ್ಪ ಅಂಚೂ ಸೇರಿ ದೊಡ್ಡದಾಗಿ ಕಾಣುತ್ತದೆಂಬ ಗುಟ್ಟು ಅವರಿಗೆ ಗೊತ್ತು.

ಹೊಸದಾಗಿ ಸೇರಿದ ಎಸ್‌ಡಿಎ ಹುಡುಗಿ ಸ್ಟ್ಯಾಟಿಸ್ಟಿಕ್ಸ್ ಓದಿದವಳು. ಒಂದು ದಿನ ಧೈರ್ಯ ಮಾಡಿದಳು. "ಸಾರ್, ಕಣ್ಣಿಗೆ ಉದ್ದ ಹೋಲಿಸೋದು ಸುಲಭ, ಕೋನ ಹೋಲಿಸೋದು ಕಷ್ಟ. ಕ್ಲೀವ್‌ಲ್ಯಾಂಡ್, ಮೆಕ್‌ಗಿಲ್ ಅನ್ನೋರು 1984ರಲ್ಲೇ ಪರೀಕ್ಷೆ ಮಾಡಿ ತೋರಿಸಿದಾರೆ."

"ನೋಡಮ್ಮ, ಪೈಚಾರ್ಟನ್ನ ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ 1801ರಲ್ಲೇ ಹಾಕಿದ್ದ. ಹಳೇದಕ್ಕೆ ಮರ್ಯಾದೆ ಕೊಡಬೇಕು."

"ಬಾರ್ ಚಾರ್ಟನ್ನ ಅವನೇ 1786ರಲ್ಲಿ ಹಾಕಿದ್ದ ಸಾರ್."

"ಅದಕ್ಕೇ ಹೇಳಿದ್ದು, ಅದು ತೀರಾ ಹಳೇದಾಯ್ತು!"

ರಾಯರನ್ನು ತಿದ್ದುವುದು ಆಗದ ಮಾತು. ನೀವಾದರೂ ಚಾರ್ಟ್ ಹಾಕುವ ಮುನ್ನ, ನೋಡುವವರಿಗೆ ಏನು ತಿಳಿಯಬೇಕೆಂದು ಯೋಚಿಸಿ. ಕಾಲದ ಏರಿಳಿತಕ್ಕೆ ಗೆರೆ, ಹೋಲಿಕೆಗೆ ಸೊನ್ನೆಯಿಂದ ಎದ್ದ ಕಂಬ, ಒಂದೇ ಮೊತ್ತದ ಮೂರು ನಾಲ್ಕು ಪಾಲಿಗೆ ಪೈ. ಇರುವುದೇ ಎರಡು ಅಂಕಿಯಾದರೆ ಬಾಯಲ್ಲಿ ಹೇಳಿ ಕೂತುಕೊಳ್ಳಿ.