ಸ್ಟಿಕ್ಕರ್-ವಿಯೋಗ ಮೀಮಾಂಸೆ: ಯರಗೇರಾ ಪರಿಪ್ರೇಕ್ಷ್ಯದಲ್ಲಿ ಒಂದು ಅಂತರ್‌ಶಿಸ್ತೀಯ ಅನುಸಂಧಾನ

ಬೈಕಿನ ಟ್ಯಾಂಕಿಗೂ ಅದರ ಮೇಲಿನ ಸ್ಟಿಕ್ಕರಿಗೂ ಇರುವುದು ಬರೀ ಗೋಂದಿನ ನಂಟೆಂದು ಪೂರ್ವಸೂರಿಗಳು ಕೈತೊಳೆದುಕೊಂಡಿದ್ದಾರೆ. ಪ್ರಸ್ತುತ ಸಂಶೋಧಕನು ಅದನ್ನು ‘ಸಂಲಗ್ನತಾ ಸಂಕಥನ’ ಎಂದು ಕರೆಯುತ್ತಾನೆ. ಹಾಗೆ ಕರೆದರೆ ಸ್ಟಿಕ್ಕರೇನೂ ಮತ್ತೆ ಅಂಟುವುದಿಲ್ಲ. ಪ್ರಬಂಧ ಎರಡು ಪುಟ ಬೆಳೆಯುತ್ತದೆ.

ಅಧ್ಯಯನದ ಕ್ಷೇತ್ರ, ರಾಯಚೂರಿನಿಂದ ಮಂತ್ರಾಲಯಕ್ಕೆ ಹೋಗುವ ದಾರಿಯ ಯರಗೇರಾ. ವಿಶ್ವವಿದ್ಯಾಲಯವೂ ಅಲ್ಲೇ ಇದೆಯಾದ್ದರಿಂದ ಚಾರಿತ್ರಿಕ ಹಿನ್ನೆಲೆ ಕೊಡದೆ ವಿಧಿಯಿಲ್ಲ. ಇದೇ ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಬಂಡೆಯ ಮೇಲೆ ಅಶೋಕನ ಹೆಸರು ಇವತ್ತಿಗೂ ಓದಲು ಬರುತ್ತದೆ. ರಾಯಚೂರು ಕೋಟೆಯ 1294ರ ಶಾಸನ 40 ಅಡಿಗೂ ಉದ್ದದ ಒಂದೇ ಕಲ್ಲಿನ ಮೇಲಿದೆ. ಆ ಕಲ್ಲನ್ನು ಬಂಡಿಯಲ್ಲಿ ಎಳೆದು ತಂದ ಚಿತ್ರವೂ ಅಲ್ಲೇ ಉಂಟು. ಬೈಕಿನ ಮೇಲಿನ ಅಕ್ಷರವೋ, ಸಾಲದ ಕಂತು ತೀರುವ ಮೊದಲೇ ಮೂಲೆ ಎತ್ತುತ್ತದೆ. ಇದು ‘ಕಾಲಿಕ ವಿಘಟನೆ’.

ವಿಯೋಗ ಐದು ವಿಧ: ಅಂಚಿನ ವಿಯೋಗ, ಗುಳ್ಳೆ ವಿಯೋಗ, ಪೆಟ್ರೋಲ್‌ಜನ್ಯ ವಿಯೋಗ... ಉಳಿದೆರಡನ್ನು ಐದೆಂಬ ಅಂಕಿ ಚಂದ ಕಾಣುತ್ತದೆಂದು ಸೇರಿಸಿದ್ದು, ಬಿಡಿ. ಸ್ಟಿಕ್ಕರ್ ಎಂದರೆ ಪಿವಿಸಿ ಹಾಳೆ. ಅದನ್ನು ಮೆತ್ತಗಿಡಲು ಬೆರೆಸಿದ ದ್ರವ್ಯ ಬಿಸಿಲಿಗೆ ಮೆಲ್ಲಗೆ ಹೊರಬೀಳುತ್ತದೆ, ಹಾಳೆ ಗಡುಸಾಗಿ ಕುಗ್ಗುತ್ತದೆ, ಎದ್ದ ಅಂಚಿನಡಿ ಧೂಳು ಸೇರುತ್ತದೆ. ತುಳುಕಿದ ಪೆಟ್ರೋಲ್ ಗೋಂದನ್ನು ಕರಗಿಸುತ್ತದೆ. ರಾಯಚೂರಿನ ಬೇಸಿಗೆಗೆ ಇಷ್ಟು ಸಾಕು.

ಚಿಕಿತ್ಸೆ ಸಿಗುವುದು ‘ರೇಡಿಯಂ’ ಅಂಗಡಿಯಲ್ಲಿ. ಕ್ಯೂರಿ ದಂಪತಿ 1898ರಲ್ಲಿ ಕಂಡುಹಿಡಿದ ರೇಡಿಯಂನ ಒಂದು ಕಣವೂ ಅಲ್ಲಿಲ್ಲ. ಬೆಳಕು ಬಿದ್ದರೆ ಹೊಳೆಯುವ ಹಾಳೆಗೆ ಜನ ಇಟ್ಟ ಹೆಸರದು. ಪಂಡಿತರ ಸಮಿತಿಗೆ ಬಿಟ್ಟಿದ್ದರೆ ‘ಪ್ರತಿಫಲನ ಪಟಲ’ವಾಗಿ ಗೆದ್ದಲು ಹಿಡಿಯುತ್ತಿತ್ತು.

ಅಂಗಡಿಯ ಹುಡುಗ ಹೇರ್ ಡ್ರೈಯರ್‌ನ ಬಿಸಿಗಾಳಿ ಹಿಡಿದು, ಉಗುರಿನಿಂದ ಮೂಲೆ ಎಬ್ಬಿಸುತ್ತಾನೆ. ಹಾಳೆಯನ್ನು ಟ್ಯಾಂಕಿನ ಮೇಲೇ ಮಲಗಿಸಿದಂತೆ ಹಿಂದಕ್ಕೆ ಎಳೆಯುತ್ತಾನೆ. ನೆಟ್ಟಗೆ ಮೇಲೆತ್ತಿದರೆ ಹರಿಯುತ್ತದೆ. ಉಳಿದ ಗೋಂದಿಗೆ ಚಿಮಣಿ ಎಣ್ಣಿ, ಅದರ ಜಿಡ್ಡಿಗೆ ಸೋಪು, ಕೊನೆಗೆ ಸ್ಪಿರಿಟ್ಟು. ಸೋಪಿನ ನೀರು ಚಿಮುಕಿಸಿ ಹೊಸದನ್ನು ಕೂರಿಸಿ, ಹಳೇ ಎಟಿಎಂ ಕಾರ್ಡಿಗೆ ಬಟ್ಟೆ ಸುತ್ತಿ ನಡುವಿನಿಂದ ಅಂಚಿಗೆ ಒತ್ತುತ್ತಾ ಬರುತ್ತಾನೆ. ಗುಳ್ಳೆ ಉಳಿದರೆ ಸೂಜಿಮೊನೆ.

‘ದೇಸಿ ಜ್ಞಾನ ಪರಂಪರೆ’ಯ ವಿಚಾರ ಸಂಕಿರಣವೊಂದರಲ್ಲಿ ಇಂಥದೇ ಒಬ್ಬ ಹುಡುಗನನ್ನು ಬ್ಯಾನರ್ ಕಟ್ಟಲು ಕರೆಸಿ, ದೀಪ ಬೆಳಗುವ ಮೊದಲೇ ಹೊರಗೆ ಕಳಿಸಿದ್ದರು. ಆಮೇಲೆ ಮೂರು ತಾಸು ದೇಸಿ ಜ್ಞಾನದ ಮೇಲೆ ಮಾತು. ಕೈಯಲ್ಲಿ ಕೆಲಸವಿದ್ದವನೊಬ್ಬನೂ ಆ ಕುರ್ಚಿಗಳಲ್ಲಿರಲಿಲ್ಲ. ನಾಚಿಕೆ ಬೇಡವೇ?

ಈ ಅಂಗಡಿಯ ಹುಡುಗನ ಅಪ್ಪ ಪೇಂಟರ್. ನಂಬರ್ ಪ್ಲೇಟು, ಟ್ಯಾಂಕಿನ ಮೇಲೆ ಮಗಳ ಹೆಸರು, ಎಲ್ಲ ಬ್ರಷ್ಷಿನಲ್ಲೇ ಬರೆಯುತ್ತಿದ್ದ. ಬಣ್ಣ ಮಾಸುತ್ತಿತ್ತು, ಸುಲಿಯುತ್ತಿರಲಿಲ್ಲ. ಕಂಪ್ಯೂಟರ್ ಕಟಿಂಗ್ ಬಂದು ಹೆಸರು ಬರೆಸುವವರು ಹೋದರು. 2019ರ ಏಪ್ರಿಲ್‌ಗೂ ಹಿಂದಿನ ಗಾಡಿಗಳೂ ಎಚ್‌ಎಸ್‌ಆರ್‌ಪಿ ಎಂಬ ಅತಿ ಸುರಕ್ಷಿತ ನಂಬರ್ ಪ್ಲೇಟು ಹಾಕಿಸಬೇಕೆಂದು 2023ರಲ್ಲಿ ಸರ್ಕಾರ ಆದೇಶಿಸಿದ ಮೇಲೆ ಪ್ಲೇಟಿನವರೂ ಹೋದರು. ಒತ್ತಕ್ಷರದ ಕೊಂಡಿಯನ್ನು ಒಂದೇ ಎಳೆತಕ್ಕೆ ತಿರುಗಿಸುತ್ತಿದ್ದ ಆ ಮಣಿಕಟ್ಟಿನ ಮೇಲೆ ಯಾರೂ ಪಿಎಚ್‌ಡಿ ಮಾಡಲಿಲ್ಲ. ಬ್ರಷ್ಷುಗಳು ಅಂಗಡಿಯ ಮೂಲೆಯ ಡಬ್ಬಿಯಲ್ಲಿ ಕೂದಲು ಸೆಟೆದು ನಿಂತಿವೆ.

“ಈ ಪ್ರಕ್ರಿಯೆಯ ತಾತ್ವಿಕ ನೆಲೆ ಯಾವುದು?” ಎಂದು ಸಂಶೋಧಕ ಹುಡುಗನನ್ನು ಕೇಳಿದ.

“ಅದೆಲ್ಲ ಗೊತ್ತಿಲ್ರಿ ಸರ. ಎರಡ ದಿನ ನೀರ ಹಾಕಬ್ಯಾಡ್ರಿ. ಪೆಟ್ರೋಲ್ ಹಾಕಸುವಾಗ ಒಂದ ಅರಿವಿ ಇಟ್ಕೋರಿ.”

ಸಂಶೋಧಕ ಅದನ್ನು ‘ಅರಿವು’ ಎಂದು ಬರೆದುಕೊಂಡ.