ಮೈಸೂರಲ್ಲಿದ್ದ ನೇವಿ ಗೌಡ್ರು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ನಾಲ್ಕೂ ತಾಲ್ಲೂಕು ಜಾಲಾಡಿದರೂ ಒಂದು ಬೊಗಸೆ ಉಪ್ಪುನೀರು ಸಿಗದು. ಬೇಸಿಗೆ ಬಂತೆಂದರೆ ಲಕ್ಷ್ಮಣತೀರ್ಥದಲ್ಲಿ ದನದ ಮೈ ತೊಳೆಯುವುದೂ ಕಷ್ಟ. ಇಂಥ ಸೀಮೆಯ ಹುಡುಗರು ನೇವಿ ಸೇರಿದ್ದು ಸಮುದ್ರದ ಮೇಲಿನ ಮೋಹದಿಂದಲ್ಲ. ಭರ್ತಿಗೆ ಕರೆದಿದ್ದಾರೆಂದು ಸುದ್ದಿ ಬಂತು, ಎದೆಯ ಅಳತೆ ಸರಿಹೋಯಿತು, ಹೋದರು. ಸಮುದ್ರ ಆಮೇಲೆ ಕಂಡಿತು. ಪಿಂಚಣಿಗೆ ಬೇಕಾದ ಹದಿನೈದು ವರ್ಷ ಮುಗಿಸಿ, ಕಪ್ಪು ಟ್ರಂಕು ಹೊತ್ತು ಊರಿಗೆ ಮರಳಿದ ಇಂಥವರು ಈ ಕಡೆ ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. 1971ರ ಯುದ್ಧ ಕಂಡವರಾದರೆ ಈಗ ಇದ್ದರು ಎನ್ನುವುದೇ ಹೆಚ್ಚು. ಅವರೆಲ್ಲರನ್ನೂ ಒಟ್ಟುಮಾಡಿ ನೇವಿ ಗೌಡ್ರು ಎನ್ನೋಣ. ಊರಿನವರು ಮಾತ್ರ ಕೊನೆತನಕ ಮಿಲ್ಟ್ರಿ ಗೌಡ್ರು ಎಂದೇ ಕರೆದರು. ಗೌಡ್ರು ಮೊದಮೊದಲು ತಿದ್ದಿದರು, ಆಮೇಲೆ ಕೈಬಿಟ್ಟರು.

ಅದಕ್ಕಿಂತ ದೊಡ್ಡ ಪಜೀತಿ ಅವರ ಹಡಗಿನದು. ಗೌಡ್ರು ಇದ್ದದ್ದು ಐಎನ್‌ಎಸ್ ಮೈಸೂರಿನಲ್ಲಿ. ಎರಡನೇ ಮಹಾಯುದ್ಧದಲ್ಲಿ ನೈಜೀರಿಯಾ ಎಂಬ ಹೆಸರಿನಿಂದ ಬ್ರಿಟಿಷರಿಗೆ ದುಡಿದ ಕ್ರೂಸರ್ ಅದು. 1957ರಲ್ಲಿ ನಮ್ಮ ನೌಕಾಪಡೆಗೆ ಸೇರಿ ಮೈಸೂರಾಯಿತು, ಲಾಂಛನದಲ್ಲಿ ಗಂಡಭೇರುಂಡ ಬಂದು ಕೂತಿತು. 1971ರಲ್ಲಿ ಪಶ್ಚಿಮ ನೌಕಾದಳಕ್ಕೆ ಅದೇ ಮುಂದಾಳು. ಇಷ್ಟೆಲ್ಲ ಘನತೆಯ ಹಡಗಿನಿಂದ ರಜೆಗೆ ಬಂದ ಗೌಡ್ರು ಅರಳೀಕಟ್ಟೆಯ ಮೇಲೆ ಕೂತು "ಈಗ ಮೈಸೂರಲ್ಲಿದೀನಿ" ಅಂದದ್ದೇ ತಪ್ಪಾಯಿತು.

"ಮೈಸೂರಲ್ಲೇ ಇದ್ಕಂಡು ವರ್ಸಕ್ ಒಂದ್ಸಲ ಬತ್ತಿಯಲ್ಲ, ಬಸ್ಸಿಲ್ವೇನ್ಲಾ?"

"ಮೈಸೂರು ಅಂದ್ರೆ ಹಡಗು ಕಣಜ್ಜ."

"ಹಡಗೋ ಪಡಗೋ, ದಸರಾಕ್ಕಾದ್ರೂ ನಮ್ಮುನ್ನ ಕರ್ಕೊಂಡೋಗಬ್ಯಾಡ್ವಾ?"

ಅಜ್ಜನದು ಮುಗ್ಧತೆ. ಪಿರಿಯಾಪಟ್ಟಣದ ಅತ್ತೆಯದು ಪತ್ತೇದಾರಿಕೆ. ಅಳಿಯನ ವಿಳಾಸದಲ್ಲಿ ಮೇಲೆ ಮೈಸೂರು, ಕೆಳಗೆ ಕೇರಾಫ್ ಫ್ಲೀಟ್ ಮೇಲ್ ಆಫೀಸ್, ಬಾಂಬೆ. ಮೈಸೂರಿನಲ್ಲಿ ಇನ್ನೊಂದು ಸಂಸಾರ ಇಟ್ಟುಕೊಂಡು, ಯಾರ ಕೈಲೋ ಬಾಂಬೆ ಮುದ್ರೆ ಹಾಕಿಸುತ್ತಿದ್ದಾನೆ ಎಂಬುದು ಆಕೆಯ ತೀರ್ಮಾನ. ಮಗನನ್ನು ಕಳಿಸಿ ದೇವರಾಜ ಮಾರ್ಕೆಟ್ಟಿನ ಸುತ್ತೆಲ್ಲ ಹುಡುಕಿಸಿದರು. ಅವನು ಎರಡು ಸಿನಿಮಾ ನೋಡಿಕೊಂಡು ಬಂದು "ಭಾವ ಸಿಗಲಿಲ್ಲ" ಎಂದು ವರದಿ ಒಪ್ಪಿಸಿದ. 1985ರಲ್ಲಿ ಹಡಗನ್ನು ಸೇವೆಯಿಂದ ತೆಗೆದರು. ಗೌಡ್ರು ಆ ದಿನ ಊಟ ಮಾಡಲಿಲ್ಲ, ಅತ್ತೆ ಮನೆದೇವರಿಗೆ ಕಾಯಿ ಒಡೆಸಿದರು. 1999ರಲ್ಲಿ ಅದೇ ಹೆಸರಿನ ಹೊಸ ಯುದ್ಧನೌಕೆ ಬಂತು. ಗೌಡ್ರು ಪೇಪರಿನ ಚಿತ್ರ ಕತ್ತರಿಸಿ ನಡುಮನೆಯ ಗೋಡೆಗೆ ಅಂಟಿಸಿದರೆ, ಕಣ್ಣು ಮಂಜಾಗಿದ್ದ ಅತ್ತೆ ಹತ್ತಿರ ಹೋಗಿ ನೋಡಿ, "ಇನ್ನೊಬ್ಳಾ?" ಅಂದರಂತೆ.

ಇಂಥ ಅಪವಾದ ಹೊತ್ತ ಗೌಡ್ರಷ್ಟು ಹೆಂಡತಿ ಮಕ್ಕಳನ್ನು ಹಚ್ಚಿಕೊಂಡ ಗಂಡಸನ್ನು ನಾನು ನೋಡಿಲ್ಲ. ಅದಕ್ಕೆ ಕಾರಣವೂ ಇತ್ತು. ದೊಡ್ಡ ಮಗಳಿಗೆ ನಾಲ್ಕು ವರ್ಷವಾಗಿದ್ದಾಗ ರಜೆಗೆ ಬಂದರೆ, ಅವಳು ಬಾಗಿಲ ಸಂದಿಯಲ್ಲಿ ನಿಂತು, "ಅವ್ವಾ, ಈ ಮಾವ ಯಾವತ್ತು ಊರಿಗೋಗದು?" ಎಂದು ಕೇಳಿದ್ದಳು. ಆ ಸಾಲವನ್ನು ಪಿಂಚಣಿಯ ಮೇಲೆ ಬಂದಮೇಲೆ ಬಡ್ಡಿಸಮೇತ ತೀರಿಸಲು ಕೂತರು. ಮೊದಲು ವಶಪಡಿಸಿಕೊಂಡದ್ದು ಹೆಣ್ಣುಮಕ್ಕಳ ಜಡೆ. ಶಾಲೆಗೆ ಎರಡು ಜಡೆ, ಎರಡು ರಿಬ್ಬನ್. ಹಡಗಿನ ಹಗ್ಗ ಹೆಣೆದು ಪಳಗಿದ ಕೈ ಅದು, ಹೆಣೆದರೆ ಮಾರನೆ ದಿನಕ್ಕೂ ಕೂದಲು ಅಲುಗುತ್ತಿರಲಿಲ್ಲ. ಮಕ್ಕಳ ಹುಬ್ಬು ಮೇಲಕ್ಕೆ ಎಳೆದುಕೊಂಡು ಯಾವಾಗಲೂ ಆಶ್ಚರ್ಯಪಟ್ಟ ಹಾಗೆ ಕಾಣುತ್ತಿದ್ದವು. ರಾತ್ರಿ ಅದನ್ನು ಬಿಚ್ಚಲು ಅವ್ವ ಹರಳೆಣ್ಣೆ ಹಿಡಿದು ಕೂರಬೇಕು.

ಕರುವಿನ ವಿಷಯದಲ್ಲಿ ಮಾತ್ರ ಈ ವಿದ್ಯೆ ಊರಿಗೇ ಉಪಕಾರವಾಯಿತು. ಬೋಲೈನ್ ಎಂಬ ಗಂಟು ಎಷ್ಟು ಎಳೆದರೂ ಕುಣಿಕೆ ಬಿಗಿಯಾಗುವುದಿಲ್ಲ, ಬೇಕೆಂದಾಗ ಸಲೀಸಾಗಿ ಬಿಚ್ಚುತ್ತದೆ. ಹಗ್ಗ ಕತ್ತಿಗೆ ಬಿಗಿದು ಕರು ಒದ್ದಾಡುವುದು ಬೀದಿಯಲ್ಲಿ ನಿಂತೇಹೋಯಿತು. ಈಗಲೂ ಅಲ್ಲಿ ಅದಕ್ಕೆ ಮಿಲ್ಟ್ರಿ ಗಂಟು ಎನ್ನುತ್ತಾರೆ.

ಅವರ ನೇವಿ ಪೂರ್ತಿ ಹೊರಬೀಳುತ್ತಿದ್ದದ್ದು ಹೊಗೆಸೊಪ್ಪಿನ ಕಾಲದಲ್ಲಿ. ಬ್ಯಾರನ್ನಿಗೆ, ಅಂದರೆ ಸೊಪ್ಪು ಹದಮಾಡುವ ಬಿಸಿಮನೆಗೆ, ಎಲೆ ಏರಿಸಿದರೆ ಐದಾರು ದಿನ ಹಗಲೂ ರಾತ್ರಿ ಬೆಂಕಿ ಕಾಯಬೇಕು. ಎಲೆ ಹಳದಿ ತಿರುಗುವ ಹೊತ್ತಿಗೆ ನೂರು ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು, ಕೊನೆಗೆ ನಡುದಂಟು ಒಣಗಲು ನೂರ ಅರವತ್ತರ ಹತ್ತಿರ. ನಡುವೆ ಯಾರಾದರೂ ತೂಕಡಿಸಿದರೆ ಸೊಪ್ಪಿನ ಬಣ್ಣ ಕೆಟ್ಟು ಹರಾಜಿನಲ್ಲಿ ರೇಟು ಬೀಳುತ್ತದೆ. ಕಾದ ಕೊಳವೆಯ ಮೇಲೆ ಒಣಗಿದ ಎಲೆ ಉದುರಿದರೆ ಬ್ಯಾರನ್ನೇ ಹೊತ್ತಿಕೊಳ್ಳುತ್ತದೆ. ಉಳಿದವರು ದೇವರ ಮೇಲೆ ಭಾರ ಹಾಕಿ ಕಂಬಳಿ ಹೊದೆಯುತ್ತಿದ್ದರು. ಗೌಡ್ರು ಬ್ಯಾರನ್ ಬಾಗಿಲಿಗೆ ಡ್ಯೂಟಿ ಪಟ್ಟಿ ಅಂಟಿಸುತ್ತಿದ್ದರು. ನಾಲ್ಕು ಗಂಟೆಗೊಂದು ವಾಚ್, ಅಂದರೆ ಕಾವಲು ಪಾಳಿ. ಸಂಜೆ ನಾಲ್ಕರಿಂದ ಎಂಟರದನ್ನು ಮಾತ್ರ ಎರಡೆರಡು ಗಂಟೆಗೆ ಒಡೆಯುವುದು. ಆಗ ದಿನಕ್ಕೆ ಏಳು ವಾಚಾಗಿ, ಒಬ್ಬನಿಗೇ ದಿನಾ ಅದೇ ಹೊತ್ತು ಗಂಟುಬೀಳುವುದಿಲ್ಲ. ಇದನ್ನು ಆಳುಮಕ್ಕಳಿಗೆ ಬಿಡಿಸಿ ಹೇಳುವಷ್ಟರಲ್ಲಿ ಎರಡು ವಾಚ್ ಕಳೆದಿರುತ್ತಿತ್ತು. ನಡುರಾತ್ರಿ ಹನ್ನೆರಡರಿಂದ ನಾಲ್ಕು ಮಾತ್ರ ಪಟ್ಟಿಯಲ್ಲಿ ಏನೇ ಬರೆದಿರಲಿ, ತಾವೇ. ಆ ಹೊತ್ತಿನಲ್ಲಿ ಹೆಂಡತಿ ಎದ್ದದ್ದನ್ನು ಯಾರೂ ಕಾಣರು.

ಗಂಟೆಯ ಲೆಕ್ಕವೂ ಹಡಗಿನದೇ. ಕೆ.ಆರ್. ನಗರದ ಬೀಗರಿಗೆ "ಹತ್ತೊಂಬತ್ತು ಗಂಟೆಗೆ ಬರ್ತೀವಿ" ಎಂದು ಹೇಳಿಕಳಿಸಿದರು. ಅದು ಅವರಿಗೆ ಮುಟ್ಟಿದ್ದು ಹತ್ತೊಂಬತ್ತನೇ ತಾರೀಕು ಎಂದು. ಗೌಡ್ರು ಸಂಸಾರಸಮೇತ ಇಳಿದಾಗ ಮನೆಗೆ ಬೀಗ. ಬೀಗರು ಚುಂಚನಕಟ್ಟೆ ಜಾತ್ರೆಯಲ್ಲಿ ಎತ್ತಿನ ಹಲ್ಲು ಎಣಿಸುತ್ತಿದ್ದರು.

ಸಮುದ್ರದ ನೆನಪು ಕಾಡಿದರೆ ಎಚ್.ಡಿ. ಕೋಟೆಯ ಅಕ್ಕನ ಮನೆಗೆ ಹೋಗುತ್ತಿದ್ದರು. ವಯನಾಡಿನಲ್ಲಿ ಮಳೆ ಹಿಡಿದು ಕಬಿನಿ ತುಂಬಿದರೆ ಅಕ್ಕನೇ ಹೇಳಿಕಳಿಸುತ್ತಿದ್ದಳು. ಅಣೆಕಟ್ಟೆಯ ಮೇಲೆ ನಿಂತ ಭಾವ, ಇದರ ಆಳ 2284 ಅಡಿ ಎಂದು ಬೀಗಿದರು. ಗೌಡ್ರಿಗೆ ತಡೆಯಲಾಗಲಿಲ್ಲ.

"ಆಳ ಅಲ್ಲ ಭಾವ, ಅದು ಸಮುದ್ರಮಟ್ಟದಿಂದ ಎತ್ತರ."

"ಅಂದ್ರೆ ನಿನ್ನ ಸಮುದ್ರ ನಮ್ಮ ಕಾಲ ಕೆಳಗದೆ ಅನ್ನು. ಅದಕ್ಕಾ ಇಷ್ಟು ಜಂಬ?"

ತೋಪಿಗೆ ಹೆದರದವರು ಆವತ್ತು ಮಾತಿಲ್ಲದೆ ಬಸ್ ಹತ್ತಿದರು.

ಗೌಡ್ರು ಹೋದಮೇಲೆ ಟ್ರಂಕಿನಲ್ಲಿ ಒಂದು ಫೈಲು ಸಿಕ್ಕಿತು: "ನಾನು ಸತ್ತ ದಿನ ಮಾಡಬೇಕಾದ ಕೆಲಸಗಳು." ಪಿಂಚಣಿ ಆದೇಶದ ನಂಬರು, ಜಂಟಿ ಖಾತೆಯ ಪಾಸ್‌ಬುಕ್ಕು, ಮರಣ ಪ್ರಮಾಣಪತ್ರದ ಎಷ್ಟು ನಕಲು ಎಲ್ಲೆಲ್ಲಿಗೆ, ಸೈನಿಕ ಕಲ್ಯಾಣ ಇಲಾಖೆಯ ಕಚೇರಿಗೆ ಹೋಗುವಾಗ ಹೆಂಡತಿ ಜೊತೆಗೆ ಯಾರಿರಬೇಕು, ಮಧ್ಯಾಹ್ನ ಆಕೆಗೆ ಎಲ್ಲಿ ಊಟ ಕೊಡಿಸಬೇಕು, ಎಲ್ಲವೂ ಅದರಲ್ಲಿತ್ತು. ಕುಟುಂಬ ಪಿಂಚಣಿಗಾಗಿ ಆಕೆ ಒಂದು ಕಿಟಕಿಯಿಂದ ಇನ್ನೊಂದಕ್ಕೆ ಅಲೆಯಲಿಲ್ಲ. ಕೊನೆಯ ಪುಟದಲ್ಲಿ ಇನ್ನೊಂದು ಆದೇಶ: ಕ್ಯಾಂಟೀನಿನ ಎರಡು ರಮ್ ಬಾಟಲಿ ರಾಗಿ ವಾಡೆಯಲ್ಲಿವೆ, ಹೆಗಲು ಕೊಟ್ಟವರಿಗೆ ತಲಾ ಎರಡು ಪೆಗ್, ರಿಜಿಸ್ಟರಿನಲ್ಲಿ ಸಹಿ ಪಡೆದು ಕೊಡುವುದು.

ಹೆಗಲು ಕೊಟ್ಟವರು ನಾಲ್ಕು ಜನ. ರಿಜಿಸ್ಟರಿನಲ್ಲಿ ಹದಿಮೂರು ಸಹಿ ಇವೆ, ಅದರಲ್ಲಿ ಎರಡು ಕೋಟೆಯ ಭಾವನವೇ.