ಬಸ್ ಲಾಗಲೀ

ಪುಣೆಯಲ್ಲಿ ಮೂರು ಮಾತಿಗೊಂದು ‘ಲಾಗಣೇ’ ಕಿವಿಗೆ ಬೀಳುತ್ತದೆ. ಮರಾಠಿಯಲ್ಲಿ ಹಸಿವು ಲಾಗುತ್ತದೆ, ಬಾಯಾರಿಕೆ ಲಾಗುತ್ತದೆ, ಎಡವಿದರೆ ಪೆಟ್ಟು ಲಾಗುತ್ತದೆ. ನೌಕರಿ ಲಾಗುತ್ತದೆ, ಹುಚ್ಚೂ ಲಾಗುತ್ತದೆ. ಹಿಂಜೆವಾಡಿಯ ಐಟಿ ಹುಡುಗರನ್ನು ಕೇಳಿದರೆ ಇವೆರಡಕ್ಕೂ ದೊಡ್ಡ ಅಂತರವಿಲ್ಲ ಅಂದಾರು. ಇಬ್ಬರ ನಂಟು ವಿಚಾರಿಸುವುದೂ ‘ಇವರು ನಿಮಗೆ ಯಾರು ಲಾಗುತ್ತಾರೆ?’ ಎಂದೇ.

ಧಾರವಾಡದಿಂದ ನಮ್ಮ ಕೋಥ್ರೂಡ್ ಮನೆಗೆ ಬಂದ ಅತ್ಯಾ ಇದನ್ನು ಒಂದೇ ಏಟಿಗೆ ಬಗೆಹರಿಸಿಬಿಟ್ಟಳು. “ನಮ್ಮಲ್ಲಿ ಹತ್ತತದ, ಇವರಲ್ಲಿ ಲಾಗತದ. ಅಷ್ಟ ಫರಕ.”

ತಳ್ಳಿಹಾಕುವ ಮಾತಲ್ಲ. ನಮ್ಮ ಹಾಲು ತಳ ಹತ್ತಿದರೆ ಅವರ ಹಾಲು ಲಾಗುತ್ತದೆ. ನಮಗೆ ನಿದ್ದೆ ಹತ್ತಿದರೆ ಅವರಿಗೆ ಕಣ್ಣು ಲಾಗುತ್ತದೆ. ಮನೆ ಕಟ್ಟಿಸಲು ಧಾರವಾಡದಲ್ಲಿ ರೊಕ್ಕ ಹತ್ತುತ್ತದೆ, ಪುಣೆಯಲ್ಲಿ ಲಾಗುತ್ತದೆ (ಪುಣೆಯಲ್ಲಿ ತುಸು ಜಾಸ್ತಿಯೇ). ಈ ಸೂತ್ರ ಹಿಡಿದು ಅತ್ಯಾ ಮಂಡಈಗೆ ಒಬ್ಬಳೇ ಹೋಗಿ ಬದನೆಕಾಯಿ ಚೌಕಾಶಿ ಮಾಡಿ ಬರತೊಡಗಿದಳು.

ಪಕ್ಕದ ಮನೆಯ ಕಾಕು ಜೊತೆ ಮಹಾಬಳೇಶ್ವರಕ್ಕೆ ಹೋಗುವ ಮಾತು ಬಂತು. ಮೆಟ್ಟಿಲ ಮೇಲೆ ಕಾಕು ಹೇಳಿದ್ದು ಇಷ್ಟೇ: “ಮಲಾ ಬಸ್ ಲಾಗತೇ.” ಅತ್ಯಾ ಒಳಗೆ ಬಂದವಳೇ, “ತಮ್ಮಾ, ವೈನಿಗೆ ಬಸ್ಸ ಹತ್ತಬೇಕಂತ. ಕಾರು ಗೀರು ಬ್ಯಾಡ, ಎಸ್.ಟಿ. ಟಿಕೀಟ ತಗಸು” ಎಂದಳು. ತೆಗೆಸಿದೆ. ಕಾಕು ಹೇಳಿದ್ದು, ಬಸ್ಸಿನಲ್ಲಿ ಕೂತರೆ ತನಗೆ ವಾಂತಿ ಬರುತ್ತದೆ ಎಂದು. ಆದರೆ ಟಿಕೆಟ್ ರದ್ದು ಮಾಡಿದರೆ ರೊಕ್ಕ ಮುರಿದುಕೊಳ್ಳುತ್ತಾರೆಂದು ತಿಳಿದ ಮೇಲೆ, ಕೈಬಿಗಿತಕ್ಕೆ ಹೆಸರಾದ ಸದಾಶಿವ ಪೇಟೆಯಲ್ಲಿ ಹುಟ್ಟಿ ಬೆಳೆದ ಆಕೆ ಪರ್ಸಿಗೆ ಎರಡು ನಿಂಬೆಹಣ್ಣು ಹಾಕಿಕೊಂಡು ಹೊರಟೇಬಿಟ್ಟರು.

ಸ್ವಾರ್‌ಗೇಟಿನಲ್ಲಿ ಬಸ್ಸು ಪ್ಲಾಟ್‌ಫಾರ್ಮಿಗೆ ಬಂದು ನಿಂತಾಗ ಯಾರೋ ಕೂಗಿದರು: “ಬಸ್ ಲಾಗಲೀ!” ಜನ ಕರ್ಚೀಫು ಎಸೆದು ಸೀಟು ಹಿಡಿದರು. ವಾಯಿ ದಾಟಿ ಪಸರಣಿ ಘಾಟಿನ ತಿರುವುಗಳಲ್ಲಿ ಬಸ್ಸು ಓಲಾಡುವಾಗ ಕಾಕು ಕ್ಷೀಣ ದನಿಯಲ್ಲಿ ಅದನ್ನೇ ಅಂದರು: “ಬಸ್ ಲಾಗಲೀ.” ಅತ್ಯಾ ಗಡಬಡಿಸಿ ಎದ್ದು, “ಇಳ್ಯೂಣೇನ್ರಿ ವೈನಿ? ಸ್ಟ್ಯಾಂಡ್ ಬಂತೇನು?” ಎಂದು ಚೀಲ ಕೈಗೆತ್ತಿಕೊಂಡಳು. ಕಾಕುಗೆ ಬೇಕಾದದ್ದೂ ಚೀಲವೇ, ಆದರೆ ಬೇರೆಯದು.

ಬಸ್ಸು ಲಾಗಿ ವಾಂತಿ ಬರುವ ಈ ಅರ್ಥಕ್ಕಾಗಿ ಮೊಲ್ಸ್‌ವರ್ತ್ ಸಾಹೇಬರ ಮರಾಠಿ ನಿಘಂಟು ತೆರೆದು ಫಲವಿಲ್ಲ; ಅದು ಬಂದದ್ದು 1831ರಲ್ಲಿ. ಸರ್ಕಾರಿ ಸಾರಿಗೆಯ ಎಸ್.ಟಿ. ಬಸ್ಸು ಪುಣೆಯಿಂದ ಅಹ್ಮದ್‌ನಗರಕ್ಕೆ ಮೊದಲ ಸಲ ಓಡಿದ್ದು 1948ರ ಜೂನ್ 1ರಂದು. ಅದೇ ವರ್ಷ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಸಂಸ್ಕೃತದ ಮಹಾನಿಘಂಟಿನ ಕೆಲಸವೂ ಶುರುವಾಯಿತು. ಬಸ್ಸು ಅಂದೇ ಊರು ಮುಟ್ಟಿತು. ನಿಘಂಟಿನ ಮೊದಲ ಸಂಪುಟ 1976ಕ್ಕೆ ಬಂತು, ಆಮೇಲೆ ಮೂವತ್ತರ ಮೇಲೆ ಸಂಪುಟಗಳಾದರೂ ಗಾಡಿ ಅಕಾರದ ಸ್ಟಾಪನ್ನೇ ಬಿಟ್ಟಿರಲಿಲ್ಲ. ಲಾಗಣೇಯ ಮುತ್ತಜ್ಜ ‘ಲಗ್’ ಧಾತು ಕೂತಿರುವುದು ಲಕಾರದಲ್ಲಿ. ವೇಳ ಲಾಗತೋ, ಹೊತ್ತು ಹತ್ತತದ!

ಮಹಾಬಳೇಶ್ವರದಲ್ಲಿ ಅತ್ಯಾ ಪಶ್ಚಾತ್ತಾಪದಿಂದ ಎರಡು ಡಬ್ಬಿ ಸ್ಟ್ರಾಬೆರಿ ಕೊಂಡು ಕಾಕು ಕೈಗಿತ್ತಳು. ವಾಪಸು ಹೋಗಲು ತನ್ನ ಖರ್ಚಿನಲ್ಲೇ ಕಾರು ಗೊತ್ತುಮಾಡಿ, ಬಾಗಿಲು ತೆರೆದು “ಕೂಡ್ರಿ ವೈನಿ, ಬಸ್ಸಿನ ಕಾಟ ಇಲ್ಲ” ಎಂದಳು. ಕಾಕು ಕಾರನ್ನೊಮ್ಮೆ ಮೇಲಿಂದ ಕೆಳಗೆ ನೋಡಿ, ಪರ್ಸಿನಿಂದ ಎರಡನೆಯ ನಿಂಬೆಹಣ್ಣು ಹೊರತೆಗೆದರು.

“ಗಾಡೀಪಣ ಲಾಗತೇ.”